ಗುಂಪು ಹಕ್ಕಿಗಳ ದೇಶದಲ್ಲಿ ಎಂಟು ದಿನ

ರಾಯಚೂರಿನ ನಮ್ಮ ನಿವೃತ್ತ ಶಿಕ್ಷಕಿಯರ ಬಳಗದಲ್ಲಿ ವಿದೇಶ ನೋಡದವಳು ನಾನೊಬ್ಬಳೇ. ತಿಂಗಳಿಗೊಬ್ಬರು ದುಬೈಗೋ ಸಿಂಗಪುರಕ್ಕೋ ಹೋಗಿ ಬಂದು ಬಳಗದ ಪತ್ರಿಕೆಗೆ ಆರು ಪುಟ ಬರೆದುಕೊಡುತ್ತಾರೆ. ಅಲ್ಲಿಯ ರಸ್ತೆ ಎಷ್ಟು ಸ್ವಚ್ಛ, ನಮ್ಮದು ಎಷ್ಟು ಗಲೀಜು ಎಂಬುದು ಆ ಆರೂ ಪುಟಗಳ ಸಾರಾಂಶ. ಈ ಸಲ ನಮ್ಮ ಸಂಪಾದಕಿ ನನ್ನ ಬೆನ್ನು ಹತ್ತಿದರು. "ನೀಲಮ್ಮಾ, ಈ ಸಲ ನೀವ ಬರೀಬೇಕ್ರಿ. ಎಲ್ಲೆರ ಹೋಗಿ ಬರ್ರಿ" ಎಂದರು. ನಾನು ಹೋಗಿ ಬಂದದ್ದು ಹೈದರಾಬಾದಿಗೆ.

ನಗಬೇಡಿ. ನಮ್ಮಜ್ಜನಿಗೆ ಹೈದರಾಬಾದು ರಾಜಧಾನಿ. ಒಂದು ಅರ್ಜಿ ಕೊಡಬೇಕಾದರೂ ಅವನು ರೊಟ್ಟಿ ಬುತ್ತಿ ಕಟ್ಟಿಕೊಂಡು ಅಲ್ಲಿಗೇ ಹೋಗುತ್ತಿದ್ದ. ನಾನು ಹುಟ್ಟುವಷ್ಟರಲ್ಲಿ ಅದು ಆಂಧ್ರಕ್ಕೆ ಸೇರಿತ್ತು, ನನ್ನ ನಿವೃತ್ತಿಯ ಹೊತ್ತಿಗೆ ತೆಲಂಗಾಣವಾಗಿತ್ತು. ನಮ್ಮ ಮನೆ ಮಾತ್ರ ಇದ್ದಲ್ಲೇ ಇದೆ. ಗಡಿ ತಾನಾಗಿ ಸರಿದು ವಿದೇಶವನ್ನು ಇಷ್ಟು ಹತ್ತಿರ ತಂದಿಟ್ಟಿರುವಾಗ ವಿಮಾನ ಹತ್ತಿ ದುಬೈಗೆ ಹೋಗುವ ಅಗತ್ಯ ನನಗೆ ಕಾಣಲಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಮದುವೆಯಾಗಲಿಲ್ಲ. ಎರಡು ಕೋಣೆಯ ಸ್ವಂತ ಮನೆಯಲ್ಲಿ ಒಬ್ಬಳೇ ಇದ್ದೇನೆ, ಸುಖವಾಗಿದ್ದೇನೆ. ಸಂಜೆ ಬಾಗಿಲು ಹಾಕಿ ಚಹಾ ಹಿಡಿದು ಕುಳಿತರೆ ಮರುದಿನ ಹಾಲಿನವನು ಬರುವವರೆಗೆ ಮಾತಾಡುವ ಪ್ರಮೇಯವೇ ಇಲ್ಲ. ಇದನ್ನು ಹೇಳಿದಾಗಲೆಲ್ಲ ಕೇಳಿದವರು ನನ್ನ ಕೈ ಹಿಡಿದು ಸಮಾಧಾನ ಮಾಡುತ್ತಾರೆ.

ಕಾಚಿಗೂಡ

"ಎಂಟು ದಿನ ಇದ್ದು ಹೋಗು" ಎಂದು ಅಣ್ಣ ಫೋನಿನಲ್ಲಿ ಕರೆದಿದ್ದ. ಶರಣಪ್ಪ, ನನಗಿಂತ ಆರು ವರ್ಷಕ್ಕೆ ದೊಡ್ಡವನು, ನೀರಾವರಿ ಇಲಾಖೆಯಲ್ಲಿ ದುಡಿದು ಅಲ್ಲೇ ಹೈದರಾಬಾದಿನಲ್ಲಿ ಬೇರು ಬಿಟ್ಟವನು. ಕಾಚಿಗೂಡ ನಿಲ್ದಾಣದಲ್ಲಿ ಒಂದು ಕೈಚೀಲ ಹಿಡಿದು ರೈಲಿನಿಂದ ಇಳಿದ ಒಬ್ಬ ಹೆಂಗಸನ್ನು ಎದುರುಗೊಳ್ಳಲು ಐದು ಜನ ಬಂದಿದ್ದರು. ಅಣ್ಣ, ಅವನ ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ಒಂದು ಕೂಸು. ಕೈಚೀಲಕ್ಕೆ ಎಳೆದಾಟವಾಗಿ ಅದರ ಒಂದು ಹಿಡಿಕೆ ಕಿತ್ತು ಬಂತು. ಇನ್ನೊಂದು ಹಿಡಿಕೆಯನ್ನು ನಾನು ಎದೆಗೆ ಒತ್ತಿ ಹಿಡಿದುಕೊಂಡೆ.

ನಿಜವಾದ ಸುದ್ದಿ ಗೊತ್ತಾದದ್ದು ಕಾರಿನಲ್ಲಿ.

"ನನ್ನ ದೋಸ್ತನ ಮಗಗ ರಾಯಚೂರಿಗೆ ವರ್ಗಾ ಆಗೇತಿ" ಎಂದ ಅಣ್ಣ. "ಬರೂ ತಿಂಗಳ ಒಂದನೇ ತಾರೀಖಿಗೆ ಮನಿ ಬೇಕಂತ. ನಿನ್ನ ಮನಿ ಐತಲ್ಲ ಅಂದೆ."

"ನನ್ನ ಮನ್ಯಾಗ ನಾ ಅದೀನಲ್ಲೋ ಅಣ್ಣಾ."

"ನೀ ಇನ್ನ ಇಲ್ಲೇ ಇರಾಕಿ. ಎಂಟು ದಿನ ಇದ್ದು ನೋಡು. ಹೋಗೂ ದಿನ ಹೂಂ ಅನ್ನು ಸಾಕು, ಉಳಿದದ್ದು ನಾ ನೋಡ್ಕೋತೀನಿ."

ನಾನು ಬಾಯಿ ತೆರೆಯುವ ಮೊದಲೇ ಅವನು ದನಿ ತಗ್ಗಿಸಿದ. "ನೀಲಾ, ನಿನಗೇನರ ಆದ್ರ ಯಾರು ನೋಡ್ತಾರ? ಬಾಗಲಾ ಮುರದು ಒಳಗ ಹೋಗೂ ಪಾಳಿ ನನಗ ಬರಬಾರ್ದು ನೋಡು."

ಅವನು ನಿಜವಾಗಿಯೂ ಹೆದರಿದ್ದ. ಹಾಗಾಗಿ ನಾನು ಎಂಟು ದಿನಗಳ ಮಟ್ಟಿಗೆ ಸುಮ್ಮನಿರುವುದೆಂದು ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡೆ. ಎಂಟನೆಯ ದಿನ ಮನೆ ನನ್ನದಾಗಿ ಉಳಿಯುತ್ತದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಹಿಮಾಯತ್‌ನಗರ

ಅಣ್ಣನದು ಹಿಮಾಯತ್‌ನಗರದ ಹಳೆಯ ಮನೆ. ಮೂರು ಅಂತಸ್ತು, ಹನ್ನೊಂದು ಜನ, ಯಾವ ಕೋಣೆಗೂ ಅಗಳಿ ಹಾಕುವ ಪದ್ಧತಿಯಿಲ್ಲ. ಈ ದೇಶದ ಆಚಾರ ವಿಚಾರಗಳನ್ನು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಸ್ನಾನಕ್ಕೆ ಹೋದವರ ಜೊತೆ ಬಾಗಿಲಾಚೆಯಿಂದ ಮಾತು ಮುಂದುವರಿಸುವುದು ಇಲ್ಲಿ ಅಸಭ್ಯವಲ್ಲ. ಪುಸ್ತಕ ತೆರೆದು ಕುಳಿತವರನ್ನು ಕಂಡರೆ ಪಾಪ, ಬೇಸರವಾಗಿರಬೇಕೆಂದು ಯಾರಾದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ನಿದ್ದೆ ಬಂತೇ ಎಂದು ಕೇಳಲು ಎಬ್ಬಿಸುತ್ತಾರೆ.

ಮೊದಲ ದಿನ ಸಂಜೆ ಹತ್ತು ನಿಮಿಷ ಮಾಳಿಗೆಯ ಮೇಲೆ ಒಬ್ಬಳೇ ನಿಂತಿದ್ದಕ್ಕೆ ಮೂರು ನಿಯೋಗಗಳು ಬಂದವು. ಮೊದಲು ಸೊಸೆ ಬಂದು "ಯಾಕ್ರೀ ಅತ್ಯಾ, ಊಟ ಸೇರಲಿಲ್ಲೇನ್ರಿ?" ಎಂದಳು. ಆಮೇಲೆ ಮಗ ಬಂದು ಯಾರಾದರೂ ಏನಾದರೂ ಅಂದರೇ ಎಂದು ವಿಚಾರಿಸಿದ. ಕೊನೆಗೆ ಅಣ್ಣನೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು "ಸಿಟ್ಟಾಗೀಯೇನು?" ಎಂದ. ನಾನು ಗಾಳಿಗೆ ನಿಂತಿದ್ದೇನೆ ಎಂದದ್ದನ್ನು ಯಾರೂ ನಂಬಲಿಲ್ಲ. ಕೆಳಗೆ ಇಳಿದಾಗ ನನ್ನ ಸಿಟ್ಟು ತಣಿಸಲೆಂದು ಮಿರ್ಚಿ ಭಜಿ ತಯಾರಾಗಿತ್ತು.

ಭಾಷೆಯ ವಿಷಯದಲ್ಲಿ ಇವರು ಬಹಳ ಶಿಸ್ತಿನವರು. ಗೇಟಿನ ಒಳಗೆ ಕನ್ನಡ, ಗೇಟಿಗೆ ಒರಗಿ ನಿಂತರೆ ತೆಲುಗು, ಗೇಟು ದಾಟಿದರೆ ಹಿಂದಿ. ಅಣ್ಣ ತರಕಾರಿ ಗಾಡಿಯವನ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡುತ್ತ, ಅರ್ಧಕ್ಕೆ ತಿರುಗಿ ನನಗೆ ಕನ್ನಡದಲ್ಲಿ ಹೀರೇಕಾಯಿಯ ದೋಷ ಹೇಳಿ, ಪಕ್ಕದ ಮನೆಯವರಿಗೆ ಹಿಂದಿಯಲ್ಲಿ ಸಲಾಮು ಹೊಡೆಯುತ್ತಿದ್ದ. ಮೂರರಲ್ಲೂ ಅವನು ಅಷ್ಟೇ ಗಟ್ಟಿಯಾಗಿ ಮಾತಾಡುತ್ತಾನೆ.

ಈ ಗದ್ದಲದಲ್ಲಿ ದನಿ ಕೇಳಿಸದ ಒಬ್ಬರೆಂದರೆ ಅಣ್ಣನ ಹೆಂಡತಿ, ನಮ್ಮ ಶಾಂತಾ ವೈನಿ. ಹನ್ನೊಂದು ಜನರಲ್ಲಿ ಯಾವುದು ಎಲ್ಲಿದೆಯೆಂದು ಗೊತ್ತಿರುವುದು ಅವರೊಬ್ಬರಿಗೇ. ಕನ್ನಡಕ, ಗುಳಿಗೆ, ಕೂಸಿನ ಟೋಪಿ, ಏನು ಕಾಣದಿದ್ದರೂ ಎಲ್ಲರೂ ಕೂಗುವುದು ಅವರನ್ನೇ. ಅವರು ಮಾತ್ರ ದಿನಕ್ಕೆ ಮೂರು ನಾಲ್ಕು ಸಲ ಒಣಗಿದ ಬಟ್ಟೆ ತರುತ್ತೇನೆಂದು ಮಾಳಿಗೆಗೆ ಹೋಗುತ್ತಿದ್ದರು. ಬರಿಗೈಯಲ್ಲಿ ಇಳಿದು ಬಂದು, ಇನ್ನೂ ಒಣಗಿಲ್ಲ ಎನ್ನುತ್ತಿದ್ದರು. ಹೈದರಾಬಾದಿನ ಬಿಸಿಲಿನ ಬಗ್ಗೆ ನನಗೆ ಸ್ವಲ್ಪ ಅನುಮಾನ ಬಂತು, ಅಷ್ಟೇ.

ಅಣ್ಣನ ಮಗಳು ಅಪರ್ಣಾ ಒಂದು ಸಂಶೋಧನಾಲಯದಲ್ಲಿ ಹಕ್ಕಿಗಳ ಮೆದುಳಿನ ಮೇಲೆ ಕೆಲಸ ಮಾಡುತ್ತಾಳೆ. ಯಾವ ಹಕ್ಕಿ ಗುಂಪು ಸೇರುತ್ತದೆ, ಯಾವುದು ದೂರ ಇರುತ್ತದೆ, ಅದಕ್ಕೆ ತಲೆಯೊಳಗೆ ಏನು ಕಾರಣ ಎಂಬುದು ಅವಳ ವಿಷಯ. ಅಣ್ಣ ಓಣಿಯವರಿಗೆಲ್ಲ ಮಗಳು ಡಾಕ್ಟರ್ ಎಂದಿದ್ದಾನೆ. ಎಂಥ ಡಾಕ್ಟರ್ ಎಂದು ಯಾರಾದರೂ ಕೇಳಿದರೆ "ಭೇಜಾ ಡಾಕ್ಟರ್" ಎನ್ನುತ್ತಾನೆ. ಹಾಗಾಗಿ ವಾರಕ್ಕೊಬ್ಬರಾದರೂ ತಲೆನೋವೆಂದು ಅವಳನ್ನು ಕೇಳಿಕೊಂಡು ಬರುತ್ತಾರೆ. ನಾಲ್ಕನೆಯ ದಿನ ಅವಳ ಸಂಶೋಧನಾಲಯದಲ್ಲಿ ಮನೆಯವರೆಲ್ಲ ಬಂದು ನೋಡಬಹುದಾದ ದಿನವಿತ್ತು.

ಮೆಹದಿಪಟ್ಟಣಂ

ಕಾರಿನಲ್ಲಿ ಏಳು ಜನ ತುಂಬಿದ್ದರು. ಎಂಟನೆಯವಳಾಗಿ ಯಾರದೋ ತೊಡೆಯ ಮೇಲೆ ಕೂರಲು ನಾನು ಒಪ್ಪಲಿಲ್ಲ. ಆಟೋದಲ್ಲಿ ಬರುತ್ತೇನೆ, ನಾನೇನು ಕೂಸಲ್ಲ ಎಂದೆ. ಅಪರ್ಣಾ ವಿಳಾಸವನ್ನು ನನ್ನ ಮೊಬೈಲಿಗೆ ಕಳಿಸಿದ್ದಳು. ಕಾರು ಹೋಗಿ, ಆಟೋ ಹತ್ತಿ, ಎರಡು ತಿರುವು ದಾಟಿದ ಮೇಲೆ ಮೊಬೈಲು ಅಡಿಗೆಮನೆಯಲ್ಲಿ ಚಾರ್ಜಿಗೆ ನೇತಾಡುತ್ತಿದೆಯೆಂದು ನೆನಪಾಯಿತು.

ಹಿಂದೆ ತಿರುಗಿಸು ಎನ್ನಬಹುದಿತ್ತು. ಆದರೆ ಒಬ್ಬಳೇ ಎಲ್ಲವನ್ನೂ ನಿಭಾಯಿಸಬಲ್ಲೆ ಎಂದು ಇಡೀ ಮನೆಗೆ ತೋರಿಸುವ ಹಟ ನನಗೆ. ರಾಯಚೂರಿನ ದಖನಿ ಉರ್ದು ಇಲ್ಲಿ ನಡೆಯುತ್ತದೆ ಎಂಬ ಧೈರ್ಯ ಬೇರೆ. ಮೆದುಳಿಗೆ ನಮ್ಮ ಅಣ್ಣ ಬಳಸುವ ಪದವನ್ನೇ ಬಳಸಿ, ಹಕ್ಕಿಯ ಮೆದುಳಿನ ಜಾಗಕ್ಕೆ ಹೋಗಬೇಕೆಂಬ ಅರ್ಥದಲ್ಲಿ "ಚಿಡಿಯಾ ಕಾ ಭೇಜಾ ಹೈ ನಾ ಭಾಯ್, ವೋ ಜಾಗಾ ಜಾನಾ" ಎಂದೆ.

"ಭೇಜಾ ಹೋನಾ? ಹೌ ಅಮ್ಮಾ, ಬೈಠೋ. ಏಕ್ ನಂಬರ್ ಜಾಗಾ ಮಾಲೂಂ ಮೇರೆಕು" ಎಂದ ಆಟೋದವನು, ನನಗಿಂತ ಹೆಚ್ಚಿನ ಧೈರ್ಯದಿಂದ. ಭೇಜಾ ಬೇಕೇ, ಒಂದನೇ ನಂಬರಿನ ಜಾಗ ನನಗೆ ಗೊತ್ತು ಎಂಬುದು ಅವನ ಮಾತು.

ಅವನು ನನ್ನನ್ನು ಮೆಹದಿಪಟ್ಟಣಂ ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನ ಮುಂದೆ ಇಳಿಸಿದ. ದೊಡ್ಡ ಹೆಂಚಿನ ಮೇಲೆ ಕುರಿಯ ಮೆದುಳು ಹುರಿಯುತ್ತಿದ್ದರು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು, ಆ ಹೊಗೆಯ ನಡುವೆ ನಿಂತೆ. ಆಟೋದವನು ನನ್ನ ಪರವಾಗಿ ಒಳಗೆ ಕೂಗಿದ: "ಅಮ್ಮಾ ಕು ಚಿಡಿಯಾ ಕಾ ಭೇಜಾ ಹೋನಾ ಕತೆ!" ಅಂದರೆ, ಅಮ್ಮನಿಗೆ ಹಕ್ಕಿಯ ಮೆದುಳು ಬೇಕಂತೆ.

ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. ಗಲ್ಲೆಯ ಮೇಲಿದ್ದ ಮುದುಕರು ಬಹಳ ಗಂಭೀರವಾಗಿ ನನ್ನನ್ನು ನೋಡಿ "ಚಿಡಿಯಾ ಮೇ ಭೇಜಾ ಕಿತ್ತಾ ರೈತಾ ಅಮ್ಮಾ?" ಎಂದರು. ಹಕ್ಕಿಯಲ್ಲಿ ಮೆದುಳು ಎಷ್ಟಿರುತ್ತದೆ ಎಂಬ ಆ ಪ್ರಶ್ನೆ ನಮ್ಮ ಅಪರ್ಣಾಳ ಸಂಶೋಧನಾಲಯದ್ದೇ ಪ್ರಶ್ನೆ. ಅವರು ಅದನ್ನು ಗಲ್ಲೆಯ ಮೇಲೆ ಕುಳಿತು ಬಿಟ್ಟಿಯಾಗಿ ಕೇಳಿದ್ದರು.

ನಾನು ತಿನ್ನಲು ಬಂದವಳಲ್ಲ, ನೋಡಲು ಬಂದವಳು ಎಂದು ವಿವರಿಸುವಷ್ಟರಲ್ಲಿ ಆರೇಳು ಜನ ಸುತ್ತ ನೆರೆದಿದ್ದರು. ಒಬ್ಬರು ಕುರ್ಚಿ ತಂದರು, ಒಬ್ಬರು ಚಹಾ ತಂದರು. ಬುರ್ಖಾ ಹಾಕಿದ ಒಬ್ಬ ಹೆಂಗಸು ತನ್ನ ಮೊಬೈಲು ಕೊಟ್ಟು ಮನೆಗೆ ಮಾಡಿ ಎಂದಳು. ನನಗೆ ನೆನಪಿದ್ದದ್ದು ನನ್ನ ನಂಬರ್ ಒಂದೇ. ಅದಕ್ಕೇ ಮಾಡಿದೆವು. ಅಡಿಗೆಮನೆಯಲ್ಲಿ ಉಳಿದಿದ್ದ ಕಿರಿಸೊಸೆ ಎತ್ತಿ, ಅತ್ತು, ವಿಳಾಸ ಹೇಳಿದಳು. ಆಮೇಲೆ ಆ ವಿಳಾಸಕ್ಕೆ ಹೋಗುವ ದಾರಿಯ ಬಗ್ಗೆ ಆರು ಜನರಲ್ಲಿ ಆರು ಅಭಿಪ್ರಾಯಗಳಾದವು. ಕಾಲು ಗಂಟೆ ನಡೆದ ಚರ್ಚೆಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೊನೆಗೆ ಇಬ್ಬರು ನನ್ನನ್ನು ರಟ್ಟೆ ಹಿಡಿದು ಅದೇ ಆಟೋದಲ್ಲಿ ಕೂರಿಸಿ, ಚಾಲಕನಿಗೆ ಬೈದು ಕಳಿಸಿದರು.

ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನಂಥವರೇ ತುಂಬಿದ ಊರಾಗಿದ್ದರೆ ಎಲ್ಲರೂ ಮರ್ಯಾದೆಯಿಂದ ಬೇರೆ ಕಡೆ ನೋಡಿ ಸುಮ್ಮನಿರುತ್ತಿದ್ದರು. ನಾನು ಇವತ್ತಿಗೂ ಆ ಹೆಂಚಿನ ಮುಂದೆಯೇ ನಿಂತಿರುತ್ತಿದ್ದೆ.

ಹಕ್ಕಿಗಳ ಕೋಣೆ

ಸಂಶೋಧನಾಲಯದ ಬಾಗಿಲಲ್ಲಿ ಏಳೂ ಜನ ನನಗಾಗಿ ಕಾಯುತ್ತಿದ್ದರು. ಅಣ್ಣ, ಒಂಟಿಯಾಗಿ ಬಿಟ್ಟರೆ ಏನಾಗುತ್ತದೆ ನೋಡಿದಿರಾ ಎಂಬಂತೆ ಎಲ್ಲರ ಮುಖವನ್ನೂ ಒಮ್ಮೆ ನೋಡಿದ.

ಒಳಗೆ ದೊಡ್ಡ ಪಂಜರದ ತುಂಬ ಕೆಂಪು ಕೊಕ್ಕಿನ ಪುಟ್ಟ ಹಕ್ಕಿಗಳು. ಝೀಬ್ರಾ ಫಿಂಚ್ ಎಂದು ಹೆಸರು, ಮೂಲ ಆಸ್ಟ್ರೇಲಿಯಾ. ಒಂದಕ್ಕೊಂದು ಒತ್ತಿ ಕುಳಿತು ಎಲ್ಲವೂ ಒಟ್ಟಿಗೆ ಮಾತಾಡುತ್ತಿದ್ದವು, ಕೇಳುವ ಹಕ್ಕಿ ಒಂದೂ ಇರಲಿಲ್ಲ. ನಮ್ಮವರಿಗೆ ಬಹಳ ಹಿಡಿಸಿತು. ಪಂಜರದ ಒಳಗೂ ಹೊರಗೂ ಸದ್ದು ಒಂದೇ ಮಟ್ಟದಲ್ಲಿತ್ತು.

"ಇವಕ್ಕ ದೂರದ ಸಂಬಂಧಿ ಇನ್ನೊಂದು ಜಾತಿ ಐತಿ ಅತ್ಯಾ, ಆಫ್ರಿಕಾದ್ದು, ಬಾಜೂ ಖೋಲ್ಯಾಗ" ಎಂದಳು ಅಪರ್ಣಾ. "ಎರಡೂ ಕಾಳು ತಿಂತಾವ. ಎರಡೂ ಜೋಡಿ ಕಟ್ಕೊಂಡು ಬಾಳ್ವಿ ಮಾಡ್ತಾವ. ಆದ್ರ ಇವಕ್ಕ ಗುಂಪು ಬೇಕ. ಅವು ತಮ್ಮ ಜೋಡಿ ಬಿಟ್ಟು ಬ್ಯಾರೆ ಯಾರರ ಹತ್ರ ಬಂದ್ರ ಓಡಿಸಿಬಿಡ್ತಾವ."

"ತಲಿಯೊಳಗ ಏನ್ ಫರಕು?" ಎಂದೆ. ಮಾಜಿ ಶಿಕ್ಷಕಿಯ ದನಿ ತಾನಾಗಿ ಬಂತು.

"ಅದಾ ಮಜಾ ನೋಡ್ರಿ. ಎರಡರ ಮೆದುಳಿನಾಗೂ ಅವಾ ಭಾಗ, ಅವಾ ದಾರಿ. ಮನಿ ಕರೆಗಂಟಿ ಇದ್ದಂಗ. ಒಂದು ಮನ್ಯಾಗ ಗಂಟಿ ಹೊಡದ್ರ 'ಯಾರು ಬಂದ್ರು!' ಅಂತ ಓಡಿ ಬರ್ತಾರ. ಇನ್ನೊಂದ್ರಾಗ ಅದಾ ಗಂಟಿಗೆ 'ಯಾರು ಬಂದ್ರಪಾ' ಅಂತ ಹಣಿ ಬಡ್ಕೋತಾರ. ಮೆದುಳಿನ ನಡು ಒಂದು ಸಣ್ಣ ಜಾಗ ಐತಿ. ಅಲ್ಲಿ ಮೀಸೋಟೋಸಿನ್ ಅಂತ ಒಂದು ರಾಸಾಯನಿಕ ಬಂದು ಕುಂದರ್ತೈತಿ. ಗುಂಪಿನ ಹಕ್ಕಿಗೆ ಆ ಕುಂದರೂ ಕುರ್ಚಿ ಜಾಸ್ತಿ, ಇನ್ನೊಂದಕ್ಕ ಕಡಿಮಿ. ಕಾರಣ ಇದೊಂದಾ ಅಲ್ಲ, ಆದ್ರ ದೊಡ್ಡದು."

ಆಮೇಲೆ ಅವಳು ಒಂದು ಉದ್ದನೆಯ ಪಂಜರ ತೋರಿಸಿದಳು. ಒಂದು ತುದಿಯಲ್ಲಿ ಹತ್ತು ಹಕ್ಕಿ, ಇನ್ನೊಂದು ತುದಿಯಲ್ಲಿ ಎರಡೇ. ನಡುವೆ ಬಿಟ್ಟ ಹಕ್ಕಿ ಯಾವ ಕಡೆ ಎಷ್ಟು ಹೊತ್ತು ಇರುತ್ತದೆ ಎಂದು ನೋಡುವುದು ಪ್ರಯೋಗ. ಬಿಟ್ಟ ಝೀಬ್ರಾ ಫಿಂಚ್ ಒಂದು ಕ್ಷಣ ಕತ್ತು ತಿರುಗಿಸಿ, ನೇರ ಹತ್ತರ ಕಡೆಗೆ ಹಾರಿ ಅಲ್ಲೇ ಕುಳಿತಿತು.

"ನೋಡಿದೇನು! ಹಕ್ಕಿಗೂ ತಿಳೀತೈತಿ!" ಅಣ್ಣ ಚಪ್ಪಾಳೆ ತಟ್ಟಿದ. "ಅಪರ್ಣಾ, ಆ ರಾಸಾಯನಿಕ ಮನುಷ್ಯಾರಿಗೆ ಕೊಡಾಕ ಬರ್ತೈತೇನು? ನಿಮ್ಮ ಅತ್ಯಾಗ ಎರಡು ಡೋಸ್ ಬೇಕಾಗಿತ್ತು."

"ಅಪ್ಪಾ, ಹಕ್ಕಿ ಮ್ಯಾಲ ನೋಡಿದ್ದು ಮನುಷ್ಯಾರಿಗೆ ಹಂಗಾ ಹಚ್ಚಾಕ ಬರೂದಿಲ್ಲ. ಮತ್ತ ಅದನ್ನ ತಡಿಯೂ ಔಷಧಾನೂ ಐತಿ. ಅದು ಕೊಟ್ರ ಗುಂಪಿನ ಹಕ್ಕೀನೂ ಗುಂಪು ಬಿಟ್ಟು ದೂರ ಹೋಗಿ ಕುಂದರ್ತೈತಿ."

"ಅದು ಎಲ್ಲಿ ಸಿಗ್ತೈತಿ?" ಎಂದರು ವೈನಿ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವೈನಿ ಚೇಷ್ಟೆ ಮಾಡುವುದು ಅಪರೂಪ ಎಂದು ಅಣ್ಣ ಎರಡೆರಡು ಸಲ ಹೇಳಿದ. ನಾನೂ ನಕ್ಕೆ. ವೈನಿ ಮಾತ್ರ ನಗಲಿಲ್ಲ, ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ಪಕ್ಕದ ಕೋಣೆಯ ಬಾಗಿಲಿಗೆ ಒಬ್ಬೊಬ್ಬರಾಗಿ ಒಳಗೆ ಬನ್ನಿ ಎಂದು ಬರೆದು ಹಚ್ಚಿದ್ದರು. ನಾವು ಎಂಟೂ ಜನ ಒಟ್ಟಿಗೆ ಹೋದೆವು. ನೀಲಿ ಕೆನ್ನೆಯ, ಕಂದು ಮೈಯ ಎರಡು ಹಕ್ಕಿಗಳು ನಮ್ಮನ್ನು ಕಂಡದ್ದೇ ಕೊಂಬೆಯ ಹಿಂದೆ ಸರಿದವು. ಏನೂ ಕಾಣದು ಎಂದು ಗೊಣಗಿ ಎಲ್ಲರೂ ಸಮೋಸಾ ಇಟ್ಟಿದ್ದ ಮೇಜಿನ ಕಡೆ ಹೋದರು. ಹದಿನೈದು ನಿಮಿಷವಾದರೂ ವೈನಿ ಬರಲಿಲ್ಲ. ನಾನು ಹುಡುಕಿಕೊಂಡು ಹೋದಾಗ ಅವರು ಗಾಜಿನ ಮುಂದೆ ಒಬ್ಬರೇ ನಿಂತಿದ್ದರು, ಹಕ್ಕಿಗಳು ಎದುರಿಗೆ ಬಂದು ಕಾಳು ತಿನ್ನುತ್ತಿದ್ದವು. "ಸದ್ದ ಮಾಡಬ್ಯಾಡ" ಎಂದು ವೈನಿ ತುಟಿಯ ಮೇಲೆ ಬೆರಳಿಟ್ಟರು.

ಮತ್ತೆ ಹಿಮಾಯತ್‌ನಗರ

ವಿಜ್ಞಾನ ಮನೆಯವರೆಗೆ ಬಂದರೆ ಏನಾಗುತ್ತದೆ ಎಂದು ಉಳಿದ ದಿನಗಳಲ್ಲಿ ಕಂಡೆ. ಓಣಿಯಲ್ಲೆಲ್ಲ ನನ್ನ ಕಾಯಿಲೆಯ ಸುದ್ದಿ ಹರಡಿತು. "ಆಕಿ ತಲಿಯೊಳಗ ಕುರ್ಚಿ ಕಡಿಮಿ ಅದಾವ" ಎಂದು ಅಣ್ಣ ಮೂರೂ ಭಾಷೆಗಳಲ್ಲಿ ವಿವರಿಸಿದ. ಎದುರುಮನೆಯ ತೆಲುಗು ಅಜ್ಜಿ ಬಂದು ನನ್ನ ನೆತ್ತಿ ಮುಟ್ಟಿ ನೋಡಿ, ಬಾದಾಮಿ ಎಣ್ಣೆ ಹಚ್ಚಲು ಹೇಳಿ ಹೋದರು. ಊಟಕ್ಕೆ ಕೂತಾಗ ಸೊಸೆಯಂದಿರು ನನಗೆ ಎರಡು ತುತ್ತು ಹೆಚ್ಚು ಬಡಿಸತೊಡಗಿದರು, ಮೀಸೋಟೋಸಿನ್ ಜೋಳದ ರೊಟ್ಟಿಯಲ್ಲಿದೆ ಎಂಬಂತೆ.

ಏಳನೆಯ ದಿನ ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಇದು ರೋಗ ಅಲ್ಲೋ, ಜಾತಿ" ಎಂದೆ. "ಆ ಹಕ್ಕಿ ಸಾಯಾಕತ್ತಿಲ್ಲ, ಸೊರಗಾಕತ್ತಿಲ್ಲ. ತನ್ನ ಟೊಂಗಿ ಮ್ಯಾಲ ಆರಾಮ ಕುಂತೈತಿ."

"ಅದಕ್ಕ ಜೋಡಿ ಐತಿ, ನಿನಗಿಲ್ಲ" ಎಂದ ಅಣ್ಣ. ಆಮೇಲೆ ತನ್ನ ಮಾತಿಗೆ ತಾನೇ ನಾಚಿ ತಲೆ ತಗ್ಗಿಸಿದ. "ಅವ್ವ ಹೋಗೂ ಮುಂದ ನಿನ್ನ ಕೈ ನನ್ನ ಕೈಯಾಗ ಇಟ್ಟು ಹೋಗ್ಯಾಳ. ನಾ ಏನ್ ಮಾಡ್ಲಿ ಹೇಳು."

ನನಗೆ ದುಃಖ ಉಕ್ಕಿ ಬಂತು. ಅವನ ಕೈ ಹಿಡಿದುಕೊಂಡು, ದಿನಾ ಬೆಳಿಗ್ಗೆ ಎದ್ದ ಕೂಡಲೇ ಫೋನು ಮಾಡುತ್ತೇನೆ ಎಂದೆ. ದಿನಕ್ಕೆ ಮೂರು ಸಲ ಎಂದು ಅವನು ಕೇಳಿದ. ಎರಡಕ್ಕೆ ಒಪ್ಪಂದವಾಯಿತು. ಮನೆಯ ವಿಷಯವನ್ನು ಮಾತ್ರ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಉತ್ತರ ಅವನಿಗೆ ತಿಳಿಯಿತೆಂದು ನಾನು ಭಾವಿಸಿದ್ದೆ.

ಎಂಟನೆಯ ದಿನ ಬಾಗಿಲಲ್ಲಿ ಹನ್ನೊಂದೂ ಜನ ಸಾಲಾಗಿ ನಿಂತರು. ನಾನು ಚಪ್ಪಲಿ ಮೆಟ್ಟಿ, ಕೈಚೀಲ ಎತ್ತಿ, ಎಲ್ಲರೂ ಹೇಳುವ ಹಾಗೆ "ಬರ್ತೀನಿ" ಎಂದೆ.

"ಬರ್ತೀನಿ ಅಂದ್ಳು!" ಅಣ್ಣ ಕುಣಿದೇಬಿಟ್ಟ. "ಎಲ್ಲಾರೂ ಕೇಳಿದ್ರಿಲ್ಲೋ? ನನ್ನ ಫೋನ್ ಎಲ್ಲೈತಿ, ದೋಸ್ತಗ ಹೇಳಿಬಿಡ್ತೀನಿ!"

"ಅಣ್ಣಾ, ಅದು ಹೋಗೂ ಮುಂದ ಹೇಳೂ ಮಾತೋ!"

"ಹೇಳಿದ್ದು ಹೇಳಿದ್ದಾ. ಬರ್ತೀನಿ ಅಂದ್ರ ಬರ್ತೀನಿ." ಅವನು ಚೇಷ್ಟೆಯ ನಗು ನಗುತ್ತಿದ್ದ. ಆದರೆ ಬೆರಳುಗಳು ನಿಜವಾಗಿಯೇ ನಂಬರ್ ಒತ್ತುತ್ತಿದ್ದವು.

ಮನೆ ಬಿಡುವಾಗ ಬರುತ್ತೇನೆ ಎನ್ನುವುದು ನಮ್ಮ ರೂಢಿ. ಹೋಗುತ್ತೇನೆ ಎಂದರೆ ಮತ್ತೆ ಬಾರದೂರಿಗೆ ಹೊರಟಂತೆ, ಅಪಶಕುನ. ಅರವತ್ತು ದಾಟಿದರೂ ನನ್ನ ಬಾಯಿಂದ ಆ ಮಾತು ಯಾವ ಹೊಸ್ತಿಲಲ್ಲೂ ಬಂದಿರಲಿಲ್ಲ. ಆದರೆ ಇವನಿಗೆ ತಿಳಿಯುವ ಬೇರೆ ಮಾತು ಕನ್ನಡದಲ್ಲಿ ಉಳಿದಿರಲಿಲ್ಲ.

"ಹೋಗ್ತೀನಿ" ಎಂದೆ. "ನಾ ನನ್ನ ಮನಿಗೆ ಹೋಗ್ತೀನಿ, ಅಣ್ಣಾ."

ಎಂಟು ದಿನಗಳಲ್ಲಿ ಮೊದಲ ಸಲ ಆ ಮನೆ ನಿಶ್ಶಬ್ದವಾಯಿತು. ಕಿರಿಸೊಸೆ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಎಲ್ಲರೂ ಸೇರಿ ನನ್ನನ್ನು ಒಳಗೆ ಕರೆದು ಕೂರಿಸಿ, ಅಪಶಕುನ ಕಳೆಯಲೆಂದು ನೀರು ಕುಡಿಸಿ, ಮತ್ತೊಮ್ಮೆ ಹೊರಡಿಸಿದರು. ಈ ಸಲ ನಾನು ಮಾತಾಡದೆ ಅಣ್ಣನ ಕಾಲು ಮುಟ್ಟಿದೆ. ಅವನು ಫೋನನ್ನು ಕಿಸೆಗೆ ಹಾಕಿಕೊಂಡು "ಹೋಗಿ ಬಾ" ಎಂದ. ಅವನ ಕಣ್ಣುಗಳು ಒದ್ದೆಯಾಗಿದ್ದವು. ನನ್ನವೂ ಆಗಿದ್ದವು.

ಮತ್ತೆ ಕಾಚಿಗೂಡ

ಕಳಿಸಲು ವೈನಿ ಒಬ್ಬರೇ ಬಂದರು. ಬಾಜಾರದ ಕೆಲಸವೂ ಇದೆ, ಹಾಗೇ ಮುಗಿಸಿ ಬರುತ್ತೇನೆ ಎಂದು ಹೇಳಿ ಉಳಿದವರನ್ನೆಲ್ಲ ತಡೆದಿದ್ದರು. ರೈಲು ತಡವಾಗಿತ್ತು. ಇಬ್ಬರೂ ಪ್ಲಾಟ್‌ಫಾರಂ ಬೆಂಚಿನ ಮೇಲೆ ಅರ್ಧ ಗಂಟೆ ಒಂದೂ ಮಾತಿಲ್ಲದೆ ಕುಳಿತೆವು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಹಿತವಾದ ಅರ್ಧ ಗಂಟೆ ಅದು.

"ನೀಲವ್ವಾ, ಬರೂ ತಿಂಗಳ ಎಂಟು ದಿನ ಮತ್ತ ಇಲ್ಲಿಗೆ ಬರ್ತಿಯೇನು?" ಎಂದರು ವೈನಿ ಇದ್ದಕ್ಕಿದ್ದಂತೆ.

"ವೈನೀ! ನೀವೂ ಅಣ್ಣನ ಪಾರ್ಟೀನೇನ್ರಿ?"

"ಸಿಟ್ಟಾಗಬ್ಯಾಡ. ನೀ ಬಂದ್ರ ಎಲ್ಲಾರೂ ನಿನ್ನ ಸುತ್ತಾ ಇರ್ತಾರ, ನನ್ನ ಹುಡುಕೂದಿಲ್ಲ. ನಾ ಆ ಎಂಟು ದಿನ ನಿನ್ನ ಮನಿಯೊಳಗ ಇರ್ತೀನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅದಕ್ಕ ನಾ ಯಾಕ ಇಲ್ಲಿಗೆ ಬರಬೇಕ್ರಿ? ನನ್ನ ಜೋಡಿ ಬರ್ರಿ. ಇವತ್ತಾ ಬರ್ರಿ."

"ನೀ ಇದ್ರ ಇಬ್ಬರಾಗ್ತೀವಲ್ಲ" ಎಂದರು ವೈನಿ, ಬಹಳ ಸಂಕೋಚದಿಂದ.

ಎದುರಿನ ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಹೋಯಿತು.

"ಹತ್ತೊಂಬತ್ತಕ್ಕ ಈ ಮನಿಗೆ ಬಂದೀನಿ" ಎಂದರು. "ಅದಕ್ಕೂ ಮೊದಲ ತವರಾಗ ಒಂಬತ್ತು ಜನ. ನಿಮ್ಮಣ್ಣ ಒಳ್ಳ್ಯಾಂವ, ಮಕ್ಕಳು ಒಳ್ಳ್ಯಾವ, ಸೊಸೆಂದ್ರೂ ಒಳ್ಳೇರು. ಆದ್ರ ಒಂದು ದಿನಾ, ಒಂದಾ ಒಂದು ದಿನಾ, ನಾ ಒಂದು ಮನ್ಯಾಗ ಒಬ್ಬಾಕೀನಾ ಇದ್ದಿಲ್ಲ ನೀಲವ್ವಾ. ಹೆಂಗಿರ್ತೈತಂತ ನೋಡಬೇಕು."

"ಅಲ್ಲಿ ಏನ್ ಮಾಡ್ತೀರಿ?"

"ಏನೂ ಮಾಡೂದಿಲ್ಲ. ನನಗೊಬ್ಬಾಕಿಗೇ ಚಾ ಇಟ್ಕೊಂಡು, ಆರೂ ತನಕಾ ನೋಡ್ಕೋತ ಕುಂದರ್ತೀನಿ." ಆಮೇಲೆ ಆತಂಕದಿಂದ ನನ್ನ ಕಡೆ ತಿರುಗಿದರು. "ನಿಮ್ಮ ಓಣ್ಯಾನೋರು ಮಾತಾಡ್ಸಾಕ ಬರ್ತಾರೇನು?"

ನನಗೆ ನಾಚಿಕೆಯಾಯಿತು. ಜೀವಮಾನವಿಡೀ ಜೀವಶಾಸ್ತ್ರ ಕಲಿಸಿದವಳು, ಎಂಟು ದಿನ ಆ ಮನೆಯಲ್ಲಿ ಒಂಟಿ ಜಾತಿಯ ಹಕ್ಕಿ ನಾನೊಬ್ಬಳೇ ಎಂದು ಬೀಗಿದ್ದೆ. ನಿಜವಾದದ್ದು ನನ್ನ ಪಕ್ಕದಲ್ಲೇ ನಿಂತು ಹನ್ನೊಂದು ಜನರಿಗೆ ರೊಟ್ಟಿ ಬಡಿಯುತ್ತಿತ್ತು. ನಾನು ಬರುತ್ತೇನೆ ಎಂದು ವೈನಿಯ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ. ಹಾಗೆ ಹೇಳುವಾಗ ನನ್ನ ಕಣ್ಣ ಮುಂದೆ ಬಂದದ್ದನ್ನೂ ಬರೆದುಬಿಡುತ್ತೇನೆ. ಮತ್ತೆ ಆ ಅಗಳಿಯಿಲ್ಲದ ಮನೆ, ಮತ್ತೆ ನೆತ್ತಿಗೆ ಬಾದಾಮಿ ಎಣ್ಣೆ.

ಈ ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ನಾನು ಹೊರಟಿರುತ್ತೇನೆ. ಅದಕ್ಕೇ ಬಳಗದ ಎಲ್ಲರಲ್ಲೂ, ವಿಶೇಷವಾಗಿ ನಮ್ಮ ಓಣಿಯ ಹಿತೈಷಿಗಳಲ್ಲಿ, ಒಂದು ಕೋರಿಕೆ. ಸಂಜೆ ನನ್ನ ಮನೆಯಲ್ಲಿ ದೀಪ ಕಂಡರೆ, ಒಬ್ಬಳೇ ಇದ್ದಾಳೆ ಪಾಪ ಎಂದು ದಯವಿಟ್ಟು ಯಾರೂ ಬಾಗಿಲು ತಟ್ಟಬೇಡಿ. ಒಳಗೆ ನಮ್ಮ ವೈನಿ ಇದ್ದಾರೆ.